ಲೈಬ್ರರಿಯಲ್ಲಿ ಸ್ವಯಂ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೈಬ್ರರಿಯ ಕೌಂಟರ್ ಹಿಂದೆ ತುಂಬ ವರ್ಷ ಕೂತವನು ನಾನು. ಪುಸ್ತಕ ಕೊಡುವ, ವಾಪಸ್ ಪಡೆಯುವ ಕೆಲಸ ಯಂತ್ರದ ಪಾಲಿಗೆ ಹೋದಾಗ ಅದರ ಪಕ್ಕದಲ್ಲಿ ನಿಂತು ಓದುಗರಿಗೆ ಹೇಳಿಕೊಟ್ಟವನೂ ನಾನೇ. ಆಗ ದಿನಾ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಕೂಡಿಹಾಕಿದ್ದೇನೆ. ಮೊದಲ ಪ್ರಶ್ನೆಗಳು ಓದುಗರವು. ಕೊನೆಯ ಕೆಲವು, ತಮ್ಮ ಲೈಬ್ರರಿಯಲ್ಲೂ ಇದನ್ನು ಶುರು ಮಾಡಬೇಕು ಅಂತಿರುವವರವು.

ಸ್ವಯಂ ಸೇವೆ ಅಂದರೆ ಬರೀ ಆ ಟಚ್‌ಸ್ಕ್ರೀನ್ ಯಂತ್ರವಾ?

ಜನ ಮೊದಲು ನೋಡುವುದು ಅದನ್ನೇ. ಆದರೆ ಇನ್ನೂ ಕೆಲವು ಇವೆ. ಬಾಗಿಲು ಹಾಕಿದ ಮೇಲೂ ಪುಸ್ತಕ ಹಾಕಿ ಹೋಗಬಹುದಾದ ಬುಕ್ ಡ್ರಾಪ್, ಕಾಯ್ದಿರಿಸಿದ ಪುಸ್ತಕ ಎತ್ತಿಕೊಳ್ಳುವ ಲಾಕರ್, ಮನೆಯಿಂದಲೇ ರಿನ್ಯೂ ಮಾಡುವ ಆನ್‌ಲೈನ್ ಖಾತೆ, ಎಲ್ಲವೂ ಇದರಲ್ಲಿ ಸೇರುತ್ತವೆ.

ಇನ್ನೂ ಹಿಂದೆ ಹೋದರೆ, ಕಪಾಟಿನ ಹತ್ತಿರ ಹೋಗಿ ಪುಸ್ತಕ ಆರಿಸಿಕೊಳ್ಳುವುದೂ ಸ್ವಯಂ ಸೇವೆಯೇ. ಒಂದು ಕಾಲದಲ್ಲಿ ಅದಕ್ಕೂ ಅವಕಾಶ ಇರಲಿಲ್ಲ. ಓದುಗರು ಕೌಂಟರ್ ಮುಂದೆ ನಿಂತು ಕೇಳಬೇಕಿತ್ತು, ಸಿಬ್ಬಂದಿ ಒಳಗಿಂದ ತಂದುಕೊಡುತ್ತಿದ್ದರು. ಲಂಡನ್ನಿನ ಕ್ಲರ್ಕನ್‌ವೆಲ್ ಲೈಬ್ರರಿಯಲ್ಲಿ ಅಲ್ಲಿನ ಲೈಬ್ರರಿಯನ್ ಜೇಮ್ಸ್ ಡಫ್ ಬ್ರೌನ್ 1894ರಲ್ಲಿ ಕಪಾಟುಗಳನ್ನು ಓದುಗರಿಗೆ ತೆರೆದಾಗ ದೊಡ್ಡ ವಾದವೇ ಎದ್ದಿತು. ಪುಸ್ತಕ ಕಳುವಾಗುತ್ತವೆ, ಎಲ್ಲ ಕಲಸಿಹೋಗುತ್ತದೆ ಅಂತ ಬೇರೆ ಲೈಬ್ರರಿಯನ್ನರೇ ವಿರೋಧಿಸಿದರು. ಕಿಯಾಸ್ಕ್, ಅಂದರೆ ಆ ಟಚ್‌ಸ್ಕ್ರೀನ್ ಯಂತ್ರ, ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಕೇಳಿದ ಮಾತುಗಳೂ ಹೆಚ್ಚುಕಡಿಮೆ ಅವೇ.

ಯಂತ್ರದ ಮೇಲೆ ಪುಸ್ತಕ ಇಟ್ಟ ಕೂಡಲೇ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಪುಸ್ತಕದ ಹಿಂದಿನ ರಟ್ಟಿನ ಒಳಮೈ ಸವರಿ ನೋಡಿ. ಅಲ್ಲೊಂದು ತೆಳ್ಳಗಿನ ಸ್ಟಿಕರ್ ಸಿಗುತ್ತದೆ. ಅಂಟಿಸುವ ಮೊದಲು ಅದನ್ನು ಬೆಳಕಿಗೆ ಹಿಡಿದರೆ ಚೌಕಾಕಾರದಲ್ಲಿ ಸುತ್ತಿಬಂದ ಲೋಹದ ಗೆರೆಗಳು, ನಡುವೆ ಸಾಸಿವೆಗಿಂತ ಚಿಕ್ಕ ಚಿಪ್ ಕಾಣುತ್ತದೆ. ಇದೇ ಆರ್‌ಎಫ್‌ಐಡಿ ಟ್ಯಾಗ್, ರೇಡಿಯೊ ಅಲೆಯಿಂದ ಗುರುತು ಹೇಳುವ ಚೀಟಿ. ಇದರಲ್ಲಿ ಬ್ಯಾಟರಿ ಇಲ್ಲ. ಯಂತ್ರದ ಹಲಗೆಯ ಕೆಳಗಿರುವ ಆಂಟೆನಾ 13.56 ಮೆಗಾಹರ್ಟ್ಸ್‌ನಲ್ಲಿ ಅಲೆ ಹೊಮ್ಮಿಸುತ್ತಿರುತ್ತದೆ. ಪುಸ್ತಕ ಹತ್ತಿರ ಬಂದಾಗ ಆ ಸುರುಳಿಯಲ್ಲಿ ಒಂಚೂರು ವಿದ್ಯುತ್ ಹುಟ್ಟುತ್ತದೆ. ಚಿಪ್ ಎಚ್ಚರವಾಗಿ ತನ್ನ ನಂಬರ್ ಹೇಳುತ್ತದೆ.

ನಾಲ್ಕೈದು ಪುಸ್ತಕ ಒಟ್ಟಿಗೆ ಇಟ್ಟಾಗ ಎಲ್ಲ ಚಿಪ್‌ಗಳೂ ಒಂದೇ ಸಲ ಕೂಗಿದರೆ ಯಂತ್ರಕ್ಕೆ ಏನೂ ಕೇಳಿಸುವುದಿಲ್ಲ. ಅದಕ್ಕೆ ಅದು ತರಗತಿಯಲ್ಲಿ ಹಾಜರಿ ಕರೆದ ಹಾಗೆ ಕರೆಯುತ್ತದೆ. ಒಂದು ಸುತ್ತಿನಲ್ಲಿ 16 ಸರದಿ. ಪ್ರತಿ ಚಿಪ್ ತನ್ನ ನಂಬರಿಗೆ ತಕ್ಕ ಸರದಿಯಲ್ಲಿ ಉತ್ತರ ಕೊಡುತ್ತದೆ. ಎರಡು ಚಿಪ್ ಒಂದೇ ಸರದಿಗೆ ಬಿದ್ದರೆ ಅವನ್ನು ಮತ್ತೆ ಬೇರೆ ಬೇರೆ ಮಾಡಿ ಕರೆಯುತ್ತದೆ. ನೀವು ಪುಸ್ತಕದಿಂದ ಕೈ ತೆಗೆಯುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ.

ಆಮೇಲೆ ಕಿಯಾಸ್ಕ್ ಲೈಬ್ರರಿಯ ಸರ್ವರ್ ಹತ್ತಿರ ಮಾತಾಡಬೇಕು. ಇದಕ್ಕೆ ಬಹಳ ಕಡೆ ಬಳಕೆಯಲ್ಲಿರುವುದು ಸಿಪ್2 ಅನ್ನುವ ಪ್ರೋಟೋಕಾಲ್, ಅಂದರೆ ಎರಡು ಯಂತ್ರ ಮಾತಾಡಿಕೊಳ್ಳುವ ನಿಗದಿತ ಭಾಷೆ, 3ಎಂ ಕಂಪನಿ ರೂಪಿಸಿದ್ದು. ‘ಈ ಸದಸ್ಯರಿಗೆ ಈ ಪುಸ್ತಕ ಕೊಡಲಾ?’ ಅಂತ ಕೇಳುವ ಸಂದೇಶದ ನಂಬರ್ 11. ಅದಕ್ಕೆ ಬರುವ ಉತ್ತರ 12. ಕಾರ್ಡಿನ ಅವಧಿ ಮುಗಿದಿದೆಯಾ, ಮಿತಿ ದಾಟಿದೆಯಾ, ಬೇರೆಯವರು ಕಾಯ್ದಿರಿಸಿದ್ದಾರಾ, ಇದನ್ನೆಲ್ಲ ನೋಡುವುದು ಸರ್ವರ್. ಹೂಂ ಅಥವಾ ಊಹೂಂ ಅನ್ನುವುದೂ ಅದೇ. ಕಿಯಾಸ್ಕ್ ಸ್ವಂತವಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಪಾಪ, ‘ಯಂತ್ರ ನನಗೆ ಪುಸ್ತಕ ಕೊಡ್ತಿಲ್ಲ’ ಅಂತ ಬೈಸಿಕೊಳ್ಳುವುದು ಮಾತ್ರ ಅದು.

ಸರ್ವರ್ ಹೂಂ ಅಂದ ಮೇಲೆ ಕೊನೆಯ ಕೆಲಸ ಬಾಕಿ ಇದೆ. ಚಿಪ್‌ನಲ್ಲಿರುವ ಕಾವಲಿನ ಗುರುತನ್ನು ‘ಹೊರಗೆ ಹೋಗಬಹುದು’ ಅಂತ ಬದಲಿಸಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಹೊರಬಾಗಿಲಲ್ಲಿ ಇಶ್ಯೂ ಆಗದ ಪುಸ್ತಕ ಕಂಡರೆ ಕೂಗುವ ಗೇಟ್ ವಿಷಯ ಬಂದಾಗ ಬೇಕಾಗುತ್ತದೆ.

ಬಾರ್‌ಕೋಡ್ ಇದ್ದರೆ ಸಾಲದಾ? ಆರ್‌ಎಫ್‌ಐಡಿ ಬೇಕೇ ಬೇಕಾ?

ಸ್ವಯಂ ಸೇವೆಗೆ ಬಾರ್‌ಕೋಡ್ ಧಾರಾಳವಾಗಿ ಸಾಕು. ಒಂದೊಂದೇ ಪುಸ್ತಕ ಸ್ಕ್ಯಾನ್ ಮಾಡಬೇಕು, ಅಷ್ಟೆ. ಒಂದೆರಡು ಪುಸ್ತಕ ತೆಗೆದುಕೊಳ್ಳುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಆರ್‌ಎಫ್‌ಐಡಿಯ ನಿಜವಾದ ಲಾಭ ಬೇರೆ ಕಡೆ ಇದೆ. ಬಾರ್‌ಕೋಡ್ ಓದಲು ಅದು ಕಣ್ಣಿಗೆ ಕಾಣಬೇಕು. ಟ್ಯಾಗ್ ಓದಲು ಪುಸ್ತಕ ತೆರೆಯಬೇಕಿಲ್ಲ, ಕಪಾಟಿನಿಂದ ತೆಗೆಯಬೇಕಾಗಿಯೂ ಇಲ್ಲ. ಸ್ಟಾಕ್ ವೆರಿಫಿಕೇಶನ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಏಣಿ ಹತ್ತಿ, ಒಂದೊಂದೇ ಪುಸ್ತಕ ತೆಗೆದು, ಅಕ್ಸೆಶನ್ ನಂಬರ್ (ಪ್ರತಿ ಪುಸ್ತಕಕ್ಕೆ ಲೈಬ್ರರಿ ಕೊಟ್ಟ ನಂಬರ್) ಓದಿ ಹೇಳಿ, ಇನ್ನೊಬ್ಬರು ರಿಜಿಸ್ಟರಿನಲ್ಲಿ ಟಿಕ್ ಹಾಕುವ ಕೆಲಸ ಅದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಈಗ ಕೈಯಲ್ಲಿ ಹಿಡಿಯುವ ರೀಡರನ್ನು ಪುಸ್ತಕದ ಬೆನ್ನುಗಳ ಉದ್ದಕ್ಕೂ ಸವರಿಕೊಂಡು ಹೋದರೆ ಪಟ್ಟಿ ತಯಾರು. ತಪ್ಪು ಜಾಗದಲ್ಲಿ ಕೂತ ಪುಸ್ತಕ ಸಿಕ್ಕಾಗ ಅದು ಕೀ ಅಂತ ಸದ್ದು ಮಾಡುತ್ತದೆ. ಎರಡು ವರ್ಷದಿಂದ ಕಳೆದುಹೋಗಿದೆ ಅಂದುಕೊಂಡಿದ್ದ ಒಂದು ಪುಸ್ತಕ ಹೀಗೆ ಪಕ್ಕದ ಸಾಲಿನಲ್ಲೇ ಸಿಕ್ಕಾಗ ನನಗಾದ ಖುಷಿ ಹೇಳತೀರದು.

ಹೊಸ ವಿದ್ಯೆಯೇನೂ ಅಲ್ಲ ಇದು. ಸಿಂಗಾಪುರದ ಬುಕಿಟ್ ಬಾಟೊಕ್ ಲೈಬ್ರರಿ 1998ರಲ್ಲೇ ಆರ್‌ಎಫ್‌ಐಡಿ ಬಳಸಿ ನೋಡಿತ್ತು.

ಒಟ್ಟಿಗೆ ಎಷ್ಟು ಪುಸ್ತಕ ಇಡಬಹುದು?

ಮೂರ್ನಾಲ್ಕು ಇಟ್ಟರೆ ನೆಮ್ಮದಿ. ಜಾಸ್ತಿ ಇಟ್ಟರೂ ಓದುತ್ತದೆ, ಆದರೆ ಒಂದು ತಪ್ಪಿಹೋಗುವ ಸಾಧ್ಯತೆ ಹೆಚ್ಚುತ್ತದೆ. ಅಲೆ ಮುಟ್ಟುವುದು ಕೆಲವೇ ಅಂಗುಲ ಎತ್ತರಕ್ಕೆ. ದಪ್ಪ ಪುಸ್ತಕಗಳ ರಾಶಿಯ ಮೇಲ್ತುದಿ ಅದಕ್ಕೆ ಸರಿಯಾಗಿ ಸಿಗುವುದಿಲ್ಲ.

ತೆಳು ಪುಸ್ತಕಗಳ ತೊಂದರೆ ಇನ್ನೊಂದು ಥರ. ಒಂದು ಮಧ್ಯಾಹ್ನ ಅಜ್ಜಿಯೊಬ್ಬರು ಮೊಮ್ಮಗಳಿಗೆ ಅಂತ ಆರು ಚಿತ್ರಪುಸ್ತಕ ತಂದರು. ನೀಟಾಗಿ ಅಂಚು ಜೋಡಿಸಿ ಇಟ್ಟರು. ಸ್ಕ್ರೀನ್ ಐದು ಅಂತು. ಅಜ್ಜಿ ಬೆರಳು ಮಡಚಿ ಎಣಿಸಿದರು, ಮತ್ತೆ ಸ್ಕ್ರೀನ್ ನೋಡಿದರು. ‘ಒಂದು ಕಮ್ಮಿ ತೋರಿಸ್ತಿದೆ ನೋಡಪ್ಪಾ’ ಅಂದರು. ನಾನು ಪುಸ್ತಕಗಳನ್ನು ಇಸ್ಪೀಟ್ ಎಲೆ ಬಿಡಿಸಿದ ಹಾಗೆ ಸ್ವಲ್ಪ ಹರಡಿಟ್ಟೆ. ಆರು ಬಂತು. ಆಗಿದ್ದೇನು ಅಂದರೆ, ಆರೂ ಪುಸ್ತಕಗಳಲ್ಲಿ ಟ್ಯಾಗ್ ಒಂದೇ ಜಾಗದಲ್ಲಿತ್ತು. ತೆಳು ಪುಸ್ತಕ ಆದ್ದರಿಂದ ಸುರುಳಿಗಳು ಒಂದರ ಮೇಲೊಂದು ಅಂಟಿದ ಹಾಗೆ ಕೂತಿದ್ದವು. ಹಾಗೆ ಕೂತಾಗ ಒಂದರ ಕಂಪನಾಂಕವನ್ನು ಇನ್ನೊಂದು ಕೆಡಿಸುತ್ತದೆ. ಅಲ್ಲಿಂದ ಮುಂದೆ ಮಕ್ಕಳ ಪುಸ್ತಕಗಳಿಗೆ ನಾವು ಮೂರು ಬೇರೆ ಬೇರೆ ಎತ್ತರದಲ್ಲಿ ಟ್ಯಾಗ್ ಅಂಟಿಸತೊಡಗಿದೆವು. ಆ ಅಜ್ಜಿಗೆ ನಾನು ಋಣಿ.

ರಟ್ಟಿನ ಮೇಲೆ ಬೆಳ್ಳಿ, ಚಿನ್ನದ ಬಣ್ಣದ ಲೋಹದ ಹಾಳೆ ಇರುವ ಪುಸ್ತಕಗಳೂ ಹಟ ಮಾಡುತ್ತವೆ. ಜೊತೆಗೆ ಸಿಡಿ ಇರುವವೂ ಅಷ್ಟೆ. ಅಂಥದ್ದನ್ನು ಒಂದೊಂದೇ ಇಡಿ. ಏನೇ ಇಟ್ಟರೂ ಸ್ಕ್ರೀನಿನ ಲೆಕ್ಕ, ಕೈಯಲ್ಲಿರುವ ಲೆಕ್ಕ ಒಂದೇನಾ ಅಂತ ನೋಡಿಕೊಳ್ಳಿ.

ಸರಿಯಾಗಿಯೇ ಇಶ್ಯೂ ಮಾಡಿಕೊಂಡೆ. ಆದರೂ ಗೇಟ್ ಕೂಗಿತು. ಯಾಕೆ?

ಮೇಲೆ ಹೇಳಿದ ಕೊನೆಯ ಕೆಲಸ ಇಲ್ಲಿ ಬರುತ್ತದೆ. ಪುಸ್ತಕದ ಹೆಸರು ಸ್ಕ್ರೀನಿನಲ್ಲಿ ಬಂದ ಕೂಡಲೇ ಎಷ್ಟೋ ಜನ ಪುಸ್ತಕ ಎತ್ತಿಬಿಡುತ್ತಾರೆ. ಆಗ ಸರ್ವರ್‌ನಲ್ಲಿ ನಿಮ್ಮ ಹೆಸರಿಗೆ ಬರೆದಾಗಿರುತ್ತದೆ, ಆದರೆ ಚಿಪ್‌ನಲ್ಲಿ ಗುರುತು ಬದಲಾಗಿರುವುದಿಲ್ಲ. ಗೇಟ್ ನೋಡುವುದು ಚಿಪ್ಪನ್ನು, ಅದಕ್ಕೇ ಕೂಗುತ್ತದೆ. ಪಟ್ಟಿಯಲ್ಲಿ ಪ್ರತಿ ಪುಸ್ತಕದ ಮುಂದೆ ಹಸಿರು ಗುರುತು ಬರುವವರೆಗೆ ಕೈ ಹಾಕಬೇಡಿ. ಬೇರೆ ಲೈಬ್ರರಿಯ ಪುಸ್ತಕ ಬ್ಯಾಗಿನಲ್ಲಿದ್ದರೂ ಕೆಲವೊಮ್ಮೆ ಕೂಗಬಹುದು.

ಕೂಗಿದಾಗ ಎಲ್ಲರೂ ತಿರುಗಿ ನೋಡುತ್ತಾರೆ, ಮುಖ ಬಾಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಒಬ್ಬ ಹುಡುಗ ಹೀಗೆ ಒಮ್ಮೆ ಗೇಟ್ ಕೂಗಿದ ಮೇಲೆ ತಿಂಗಳುಗಟ್ಟಲೆ ಲೈಬ್ರರಿಗೆ ಬರಲಿಲ್ಲ. ತಪ್ಪು ಅವನದಲ್ಲ, ಅವನ ಬ್ಯಾಗನ್ನು ಎಲ್ಲರೆದುರು ಬಿಚ್ಚಿಸಿದ ನಮ್ಮದು. ಆಮೇಲೆ ನಾವು ಒಂದು ರೂಢಿ ಮಾಡಿಕೊಂಡೆವು. ಗೇಟ್ ಕೂಗಿದರೆ ‘ಯಂತ್ರ ಒಂದು ಪುಸ್ತಕ ಬಿಟ್ಟಿರಬೇಕು, ಬನ್ನಿ ಇನ್ನೊಮ್ಮೆ ಇಡೋಣ’ ಅಂತ ಹೇಳಿ ಕಿಯಾಸ್ಕ್ ಹತ್ತಿರ ಕರೆದುಕೊಂಡು ಹೋಗುವುದು. ಬ್ಯಾಗ್ ಮುಟ್ಟುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ವಿಷಯ ಅಷ್ಟೇ ಆಗಿರುತ್ತಿತ್ತು.

ಹಾಗಾದರೆ ಆ ಗೇಟ್ ಕಳ್ಳತನ ತಡೆಯುತ್ತದಾ?

ಮರೆವನ್ನು ತಡೆಯುತ್ತದೆ. ಕದಿಯಲೇಬೇಕು ಅಂತ ಬಂದವರನ್ನು ತಡೆಯುವುದು ಕಷ್ಟ. ಟ್ಯಾಗ್ ಕಿತ್ತು ಹಾಕಬಹುದು, ಲೋಹದಿಂದ ಮರೆಮಾಡಬಹುದು. ಇದನ್ನು ಭದ್ರತೆಯ ಸಾಧನ ಅಂತ ನಂಬಿ ಕೊಳ್ಳುವವರಿಗೆ ನಿರಾಸೆ ಆಗುತ್ತದೆ.

ರಾತ್ರಿ ಬುಕ್ ಡ್ರಾಪ್‌ಗೆ ಹಾಕಿದೆ. ಖಾತೆಯಲ್ಲಿ ಇನ್ನೂ ನನ್ನ ಹೆಸರಲ್ಲೇ ಇದೆ. ದಂಡ ಬೀಳುತ್ತದಾ?

ಡ್ರಾಪ್‌ನಲ್ಲಿ ಎರಡು ಜಾತಿ. ಒಂದು ಒಳಗೆ ರೀಡರ್ ಇರುವಂಥದ್ದು. ಅದು ಪುಸ್ತಕವನ್ನು ಬಾಯಲ್ಲೇ ಓದಿ, ಖಾತೆಯಿಂದ ಇಳಿಸಿ, ಬೇಕಿದ್ದರೆ ರಸೀದಿಯನ್ನೂ ಕೊಡುತ್ತದೆ. ಇನ್ನೊಂದು ಬರೀ ಪೆಟ್ಟಿಗೆ. ಬೆಳಿಗ್ಗೆ ಸಿಬ್ಬಂದಿ ಬಂದು ತೆಗೆದು ಸ್ಕ್ಯಾನ್ ಮಾಡುವವರೆಗೆ ಪುಸ್ತಕ ನಿಮ್ಮ ಹೆಸರಲ್ಲೇ ಇರುತ್ತದೆ.

ಪೆಟ್ಟಿಗೆಯಾದರೂ ದಂಡ ಬೀಳಬೇಕಾಗಿಲ್ಲ. ಹಲವು ಲೈಬ್ರರಿಗಳು ಲೆಕ್ಕಪತ್ರಕ್ಕೆ ಬಳಸುವ ಕೊಹಾ ತಂತ್ರಾಂಶದಲ್ಲಿ ಇದಕ್ಕೆಂದೇ ಬುಕ್ ಡ್ರಾಪ್ ಮೋಡ್ ಇದೆ. ಅದನ್ನು ಒತ್ತಿ ಸ್ಕ್ಯಾನ್ ಮಾಡಿದರೆ, ಲೈಬ್ರರಿ ಕೊನೆಯ ಬಾರಿ ತೆರೆದಿದ್ದ ದಿನಕ್ಕೇ ಪುಸ್ತಕ ವಾಪಸ್ ಬಂತು ಅಂತ ದಾಖಲಾಗುತ್ತದೆ. ಆದರೆ ಅದನ್ನು ಒತ್ತಲು ನೆನಪಿರಬೇಕು! ರಜೆ ಮುಗಿದ ಬೆಳಿಗ್ಗೆ ತುಂಬಿ ತುಳುಕುವ ಪೆಟ್ಟಿಗೆಯ ಮುಂದೆ ನಾನೇ ಎಷ್ಟೋ ಸಲ ಮರೆತಿದ್ದೇನೆ. ದಂಡ ತೋರಿಸಿದರೆ ಹೋಗಿ ಕೇಳಿ. ಸಂಕೋಚ ಬೇಡ.

ಇನ್ನೊಂದು ಮಾತು. ಪೆಟ್ಟಿಗೆ ತುಂಬಿ ಬಾಯಿಗೆ ಬಂದಿದ್ದರೆ ತುರುಕಬೇಡಿ. ಮೇಲಿನ ಪುಸ್ತಕ ಮಳೆಗೆ ನೆನೆಯುತ್ತದೆ, ಕೆಳಗಿನದರ ಬೆನ್ನು ಮುರಿಯುತ್ತದೆ.

ವಾಪಸ್ ಮಾಡಲು ನನ್ನ ಕಾರ್ಡ್ ಬೇಕಾ?

ಬೇಡ. ಪುಸ್ತಕ ಯಾರ ಹೆಸರಲ್ಲಿದೆ ಅಂತ ಸರ್ವರ್‌ಗೆ ಗೊತ್ತು. ಪಕ್ಕದ ಮನೆಯವರ ಕೈಲಿ ಕಳಿಸಿದರೂ ನಡೆಯುತ್ತದೆ.

ಕಾರ್ಡ್ ಕೇಳಿದಾಗ ತಪ್ಪಿ ಪುಸ್ತಕ ಸ್ಕ್ಯಾನ್ ಮಾಡಿದರೆ?

ಏನೂ ಆಗುವುದಿಲ್ಲ, ‘ಇದು ಕಾರ್ಡ್ ಅಲ್ಲ’ ಅನ್ನುತ್ತದೆ. ಹಲವು ಲೈಬ್ರರಿಗಳು 14 ಅಂಕಿಯ ಬಾರ್‌ಕೋಡ್ ಬಳಸುತ್ತವೆ. ಅದರಲ್ಲಿ ಮೊದಲ ಅಂಕಿ 2 ಇದ್ದರೆ ಸದಸ್ಯರ ಕಾರ್ಡ್, 3 ಇದ್ದರೆ ಪುಸ್ತಕ. ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು, ತಪ್ಪು ಓದಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಕಾರ್ಡ್ ತೆಗೆದು ನೋಡಿ, ಹೀಗಿದೆಯಾ ಅಂತ.

ರಿನ್ಯೂ ಆಗುತ್ತಿಲ್ಲ.

ಸಾಮಾನ್ಯವಾಗಿ ಮೂರು ಕಾರಣ. ಬೇರೆಯವರು ಅದನ್ನು ಕಾಯ್ದಿರಿಸಿದ್ದಾರೆ, ರಿನ್ಯೂ ಮಾಡುವ ಸಲಗಳ ಮಿತಿ ಮುಗಿದಿದೆ, ಅಥವಾ ಖಾತೆಯಲ್ಲಿ ದಂಡ ಬಾಕಿ ಇದೆ. ಮೊದಲನೆಯದಾದರೆ ದಯವಿಟ್ಟು ವಾಪಸ್ ಕೊಡಿ, ಯಾರೋ ಕಾಯುತ್ತಿದ್ದಾರೆ.

ನಾನು ಏನು ಓದುತ್ತೇನೆ ಅಂತ ಈ ಟ್ಯಾಗ್‌ನಿಂದ ಯಾರಿಗಾದರೂ ಗೊತ್ತಾಗುತ್ತದಾ?

ಈ ಪ್ರಶ್ನೆ ಕೇಳುವವರು ಕಮ್ಮಿ. ಎಲ್ಲರೂ ಕೇಳಬೇಕು ಅಂತ ನನ್ನ ಆಸೆ.

ಟ್ಯಾಗ್‌ನಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಇರಲೂಬಾರದು. ಲೈಬ್ರರಿ ಟ್ಯಾಗ್‌ಗಳಿಗೆ 2011ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 28560. ಅದರ ಪ್ರಕಾರವೂ ಟ್ಯಾಗ್‌ನಲ್ಲಿ ಇರಲೇಬೇಕಾದ ಮುಖ್ಯ ಮಾಹಿತಿ ಪುಸ್ತಕದ ಗುರುತಿನ ನಂಬರ್. ಪುಸ್ತಕದ ಹೆಸರು ಬರೆಯಲು ಜಾಗ ಇದೆ, ಆದರೆ ಬರೆಯಬೇಕು ಅಂತಿಲ್ಲ. ನನ್ನನ್ನು ಕೇಳಿದರೆ ಬರೆಯಲೇಬಾರದು. ಬರೀ ನಂಬರ್ ಇದ್ದರೆ ದಾರಿಯಲ್ಲಿ ಯಾರಾದರೂ ಓದಿದರೂ ಅವರಿಗೆ ಒಂದಿಷ್ಟು ಅಂಕಿ ಸಿಗುತ್ತವೆ. ಅದೂ ತೀರಾ ಹತ್ತಿರ ಬಂದರೆ.

ನಿಜವಾಗಿ ಯೋಚಿಸಬೇಕಾದದ್ದು ಸರ್ವರ್ ಬಗ್ಗೆ. ಪುಸ್ತಕ ವಾಪಸ್ ಕೊಟ್ಟ ಮೇಲೂ ‘ಇವರು ಇದನ್ನು ಓದಿದ್ದರು’ ಅನ್ನುವ ದಾಖಲೆ ಅಲ್ಲಿ ಉಳಿದಿರುತ್ತದಾ? ಒಬ್ಬರು ಕಾಯಿಲೆಯ ಬಗ್ಗೆ ಓದಿರಬಹುದು, ಇನ್ನೊಬ್ಬರು ವಿಚ್ಛೇದನದ ಕಾನೂನಿನ ಬಗ್ಗೆ. ಕೌಂಟರಿನಲ್ಲಿ ಅಂಥ ಪುಸ್ತಕವನ್ನು ಬೋರಲು ಹಾಕಿ ಕೊಡುತ್ತಿದ್ದವರನ್ನು ನೋಡಿದ್ದೇನೆ. ಮೇಲಿನ ಪುಸ್ತಕ ಬೇರೆ, ಕೆಳಗೆ ಅಡಗಿಸಿದ ಪುಸ್ತಕ ಬೇರೆ. ಕಿಯಾಸ್ಕ್ ಬಂದ ಮೇಲೆ ಅವರಿಗೆ ದೊಡ್ಡ ಬಿಡುಗಡೆ ಸಿಕ್ಕಿತು. ಯಾರ ಮುಖವನ್ನೂ ನೋಡದೆ ತೆಗೆದುಕೊಂಡು ಹೋಗಬಹುದು. ನನ್ನ ಮಟ್ಟಿಗೆ ಸ್ವಯಂ ಸೇವೆಯಿಂದಾದ ಅತಿ ದೊಡ್ಡ ಉಪಕಾರ ಇದೇ. ಹಾಗಿರುವಾಗ ಅದೇ ವಿಷಯವನ್ನು ಸರ್ವರ್‌ನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರೆ ಏನು ಬಂತು? ಕೊಹಾದಲ್ಲಿ ಲೈಬ್ರರಿ ಅವಕಾಶ ಕೊಟ್ಟಿದ್ದರೆ ಓದುಗರೇ ತಮ್ಮ ಹಳೆಯ ದಾಖಲೆ ಇಡಬೇಕಾ ಬೇಡವಾ ಅಂತ ಆರಿಸಿಕೊಳ್ಳಬಹುದು. ನಿಮ್ಮ ಲೈಬ್ರರಿಯಲ್ಲಿ ಏನು ನಿಯಮ ಅಂತ ಕೇಳಿ ನೋಡಿ.

ನಿಮ್ಮ ಕಡೆಯಿಂದ ಎರಡು ಕೆಲಸ: ಮುಗಿದ ಮೇಲೆ ಲಾಗ್‌ಔಟ್ ಒತ್ತಿ. ರಸೀದಿಯನ್ನು ಅಲ್ಲೇ ಬಿಟ್ಟು ಹೋಗಬೇಡಿ.

ಫೋನ್‌ನಲ್ಲೇ ಪುಸ್ತಕ ಇಶ್ಯೂ ಮಾಡಿಕೊಳ್ಳಬಹುದಾ?

ಲೈಬ್ರರಿಯ ಆ್ಯಪ್ ಇದ್ದರೆ ಆಗುತ್ತದೆ. ಕ್ಯಾಮೆರಾದಿಂದ ಬಾರ್‌ಕೋಡ್ ಓದಿಸಬಹುದು. ಎನ್‌ಎಫ್‌ಸಿ (ತಾಗಿಸಿ ಓದುವ ಸೌಲಭ್ಯ) ಇರುವ ಫೋನ್ ಕೆಲಸ ಮಾಡುವುದೂ 13.56 ಮೆಗಾಹರ್ಟ್ಸ್‌ನಲ್ಲೇ, ಆದ್ದರಿಂದ ಟ್ಯಾಗನ್ನೂ ಓದಬಲ್ಲದು. ಬಾರ್‌ಕೋಡ್ ಮಾತ್ರ ಓದಿದಾಗ ಚಿಪ್‌ನ ಗುರುತು ಬದಲಾಗುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಕಿಯಾಸ್ಕ್ ಮೇಲೆ ಒಮ್ಮೆ ಇಡಿ ಅಂತ ಕೆಲವು ಕಡೆ ಹೇಳುತ್ತಾರೆ.

ನೆಟ್‌ವರ್ಕ್ ಕೈಕೊಟ್ಟರೆ?

ಕೆಲವು ಕಿಯಾಸ್ಕ್‌ಗಳು ವ್ಯವಹಾರವನ್ನು ತಮ್ಮಲ್ಲೇ ಬರೆದಿಟ್ಟುಕೊಂಡು, ಸಂಪರ್ಕ ಬಂದ ಮೇಲೆ ಸರ್ವರ್‌ಗೆ ಕಳಿಸುತ್ತವೆ. ಆ ಹೊತ್ತಿನಲ್ಲಿ ಕಾರ್ಡಿನ ಮಿತಿ, ಬಾಕಿ ಯಾವುದನ್ನೂ ನೋಡಲಾಗುವುದಿಲ್ಲ. ಉಳಿದ ಕಡೆ ಪೆನ್ನು, ನೋಟ್‌ಬುಕ್ಕೇ ಗತಿ. ನಾನಂತೂ ಡ್ರಾಯರಿನಲ್ಲಿ ಒಂದು ರೂಲ್ಡ್ ಪುಸ್ತಕ ಇಟ್ಟೇ ಇರುತ್ತಿದ್ದೆ.

ರಸೀದಿಯಲ್ಲಿ ಪುಸ್ತಕದ ಹೆಸರಿನ ಬದಲು ಬರೀ ಪ್ರಶ್ನೆ ಗುರುತುಗಳು ಬರುತ್ತವೆ. ಯಾಕೆ?

ಕನ್ನಡದಂಥ ಲಿಪಿಯಲ್ಲಿ ಹೆಸರು ಇರುವ ಪುಸ್ತಕಗಳಿಗೆ ಹೀಗಾಗುತ್ತದೆ. ಕ್ಯಾಟಲಾಗ್‌ನಲ್ಲಿ ಹೆಸರು ಸರಿಯಾಗಿಯೇ ಇರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ, ಸಿಪ್2 ಸಂಪರ್ಕದಲ್ಲೋ ಪ್ರಿಂಟರ್‌ನಲ್ಲೋ, ಇಂಗ್ಲಿಷ್ ಅಕ್ಷರ ಮಾತ್ರ ತಿಳಿಯುವ ಹಳೆಯ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಬರೆಯುವ ಕ್ರಮ) ಕೂತಿರುತ್ತದೆ. ಎರಡೂ ತುದಿಯಲ್ಲಿ ಎಲ್ಲ ಲಿಪಿಗಳೂ ತಿಳಿಯುವ ಯೂನಿಕೋಡ್ ಹಾಕಿಸಬೇಕು. ಜೊತೆಗೆ ಪ್ರಿಂಟರ್ ಅಕ್ಷರಗಳನ್ನು ಚಿತ್ರದ ರೂಪದಲ್ಲಿ ಮುದ್ರಿಸುವಂತೆ ಮಾಡಬೇಕು. ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರು. ಐದು ಸಾಲು ಪ್ರಶ್ನೆ ಗುರುತು ಇರುವ ಚೀಟಿ ನೋಡಿ ಯಾವ ಪುಸ್ತಕ ಯಾವತ್ತು ವಾಪಸ್ ಅಂತ ಓದುಗರು ಹೇಗೆ ತಿಳಿಯಬೇಕು?

ವಯಸ್ಸಾದವರಿಗೆ, ಕಣ್ಣು ಕಾಣದವರಿಗೆ ಇದು ಕಷ್ಟ ಅಲ್ವಾ?

ಕಷ್ಟ ಆಗುವ ಹಾಗೆ ಮಾಡಿದರೆ ಕಷ್ಟ. ಎತ್ತರದ ಮೇಜಿನ ಮೇಲೆ ಸ್ಕ್ರೀನ್ ಇಟ್ಟರೆ ಗಾಲಿ ಕುರ್ಚಿಯಲ್ಲಿ ಕೂತವರ ಕೈಗೆ ಎಟಕುವುದಿಲ್ಲ. ಎತ್ತರ ಇಳಿಸಿ ಏರಿಸುವ ಮೇಜುಗಳು ಸಿಗುತ್ತವೆ. ದೊಡ್ಡ ಅಕ್ಷರ, ಗಾಢ ಬಣ್ಣ, ದನಿಯಲ್ಲಿ ಓದಿ ಹೇಳುವ ಸೌಲಭ್ಯ, ಇವನ್ನು ಮೊದಲೇ ಕೇಳಿ ಹಾಕಿಸಬೇಕು. ಸ್ಕ್ರೀನ್ ಬೇಗ ಮುಚ್ಚಿಹೋಗುವುದು ಇನ್ನೊಂದು ಕಾಟ. ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಮೊದಲ ಪುಟಕ್ಕೆ ವಾಪಸ್! ಆ ಸಮಯವನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಬಹುದು. ಹೆಚ್ಚಿಸಿ.

ಇಷ್ಟೆಲ್ಲ ಮಾಡಿದರೂ ಕೆಲವರು ಯಂತ್ರ ಬೇಡ ಅನ್ನುತ್ತಾರೆ. ಅವರಿಗಾಗಿ ಒಂದು ಕೌಂಟರ್ ತೆರೆದಿರಲೇಬೇಕು. ಇದರಲ್ಲಿ ನಾನು ರಾಜಿ ಆಗುವವನಲ್ಲ.

ಯಂತ್ರ ಬಂದರೆ ಸಿಬ್ಬಂದಿಯ ಕೆಲಸ ಹೋಗುತ್ತದಾ?

ಹೋಗಬಹುದು. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಕಿಯಾಸ್ಕ್ ಬಂದ ಮರುವರ್ಷ ನಿವೃತ್ತರಾದವರ ಜಾಗ ತುಂಬಲೇ ಇಲ್ಲ. ‘ಯಂತ್ರ ಇದೆಯಲ್ಲ’ ಅಂದರು. ಸಂಜೆ ಹೊತ್ತು ನೂರಾರು ಜನ ಬರುವ ಹಾಲ್‌ನಲ್ಲಿ ನಾನೊಬ್ಬನೇ. ಕಾಗದ ಸಿಕ್ಕಿಕೊಂಡ ಪ್ರಿಂಟರ್ ಬಿಡಿಸುತ್ತಿರುವಾಗ, ಒಬ್ಬ ವಿದ್ಯಾರ್ಥಿನಿ ಏನೋ ಕೇಳಲು ಬಂದು ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ಏನು ಕೇಳಬೇಕಿತ್ತೋ ಗೊತ್ತಾಗಲಿಲ್ಲ.

ಬೇರೆ ಥರವೂ ಆಗಬಹುದು, ಅದನ್ನೂ ನೋಡಿದ್ದೇನೆ. ಅಲ್ಲಿ ಮುಖ್ಯಸ್ಥರು ಮೊದಲೇ ಹೇಳಿಬಿಟ್ಟಿದ್ದರು: ಒಬ್ಬರನ್ನೂ ಕಮ್ಮಿ ಮಾಡುವುದಿಲ್ಲ, ಆದರೆ ಯಾರೂ ಕೌಂಟರ್ ಹಿಂದೆ ಕೂರುವ ಹಾಗಿಲ್ಲ. ನಾವು ಕಪಾಟುಗಳ ನಡುವೆ ಓಡಾಡತೊಡಗಿದೆವು. ಕೌಂಟರಿಗೆ ಬಂದು ಕೇಳಲು ಹಿಂಜರಿಯುವವರು ಪಕ್ಕದಲ್ಲಿ ನಿಂತವರನ್ನು ಸಲೀಸಾಗಿ ಕೇಳುತ್ತಾರೆ ಅಂತ ಗೊತ್ತಾದದ್ದು ಆಗಲೇ. ‘ಇದೇ ಥರದ್ದು ಇನ್ನೊಂದು ಇದೆಯಾ?’, ‘ಮಗನಿಗೆ ಓದೋದೇ ಬೇಡ, ಏನು ಕೊಡಲಿ?’ ಇಂಥ ಪ್ರಶ್ನೆಗಳು ಕೌಂಟರಿನ ಸಾಲಿನಲ್ಲಿ ಬರುತ್ತಲೇ ಇರಲಿಲ್ಲ, ಹಿಂದೆ ನಿಂತವರು ಕಾಯುತ್ತಿದ್ದರಲ್ಲ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ. 1931ರ ಮಾತು. ಸಾಲಿನಲ್ಲಿ ಉಳಿದ ಸಮಯವನ್ನು ಹೀಗೆ ಮಾತಿಗೆ ಕೊಟ್ಟಾಗ ಮಾತ್ರ ಆ ಸೂತ್ರ ಪಾಲಿಸಿದ ಹಾಗೆ ಅಂತ ನನ್ನ ನಂಬಿಕೆ.

ಸಿಬ್ಬಂದಿ ಇಲ್ಲದ ಹೊತ್ತಲ್ಲೂ ಲೈಬ್ರರಿ ತೆರೆದಿಡುತ್ತಾರಂತೆ, ನಿಜವಾ?

ನಿಜ. ಡೆನ್ಮಾರ್ಕ್‌ನಲ್ಲಿ 2000ರ ದಶಕದಿಂದ ಇದು ಬೆಳೆದುಬಂದಿದೆ. ಬೆಳಗಿನ ಜಾವ, ತಡಸಂಜೆ ಸಿಬ್ಬಂದಿ ಇರುವುದಿಲ್ಲ. ಓದುಗರು ಕಾರ್ಡ್ ತೋರಿಸಿ, ಪಿನ್ ಒತ್ತಿ ಒಳಗೆ ಬರುತ್ತಾರೆ, ಓದುತ್ತಾರೆ, ತಾವೇ ಪುಸ್ತಕ ತೆಗೆದುಕೊಂಡು ಹೋಗುತ್ತಾರೆ. ಕ್ಯಾಮೆರಾ ಇರುತ್ತದೆ. ಮುಚ್ಚಿರುತ್ತಿದ್ದ ಹೊತ್ತಿಗೆ ತೆರೆಯುವುದು ಒಳ್ಳೆಯದೇ. ಸಿಬ್ಬಂದಿ ಇರುತ್ತಿದ್ದ ಹೊತ್ತನ್ನು ಕತ್ತರಿಸಲು ಇದನ್ನು ನೆಪ ಮಾಡಿಕೊಂಡರೆ ನಾನು ಒಪ್ಪುವುದಿಲ್ಲ.

ರೋಬೋಟ್‌ಗಳು?

ಇವೆ. ವಾಪಸ್ ಬಂದ ಪುಸ್ತಕವನ್ನು ಬೆಲ್ಟ್ ಮೇಲೆ ಸಾಗಿಸಿ, ಟ್ಯಾಗ್ ಓದಿ, ವಿಷಯಕ್ಕೆ ತಕ್ಕ ತೊಟ್ಟಿಗೆ ಬೀಳಿಸುವ ಯಂತ್ರಗಳು ದೊಡ್ಡ ಲೈಬ್ರರಿಗಳಲ್ಲಿ ಮಾಮೂಲು. 2018ರ ಡಿಸೆಂಬರ್‌ನಲ್ಲಿ ತೆರೆದ ಹೆಲ್ಸಿಂಕಿಯ ಊದಿ ಲೈಬ್ರರಿಯಲ್ಲಿ ವಾಪಸ್ ಬಂದ ಪುಸ್ತಕಗಳನ್ನು ರೋಬೋಟ್ ಗಾಡಿಗಳು ಸಾಗಿಸುತ್ತವೆ. ಶಿಕಾಗೊ ವಿಶ್ವವಿದ್ಯಾಲಯದ ಮ್ಯಾನ್ಸುಯೆಟೊ ಲೈಬ್ರರಿ 2011ರದ್ದು. ಅಲ್ಲಿ ನೆಲದಡಿ 35 ಲಕ್ಷ ಸಂಪುಟಗಳಿಗೆ ಜಾಗ ಇದೆ, ಬೇಕಾದ್ದನ್ನು ಕ್ರೇನ್‌ಗಳು ಎತ್ತಿಕೊಡುತ್ತವೆ. ಒಂದು ಮಾತ್ರ ಬೇಸರ: ಅಂಥ ಉಗ್ರಾಣದಲ್ಲಿ ಸುಮ್ನೆ ಕಪಾಟು ನೋಡುತ್ತಾ ಹೋಗಿ, ಹುಡುಕದೇ ಇದ್ದ ಪುಸ್ತಕ ಕಣ್ಣಿಗೆ ಬೀಳುವ ಸುಖ ಇಲ್ಲ.

ನಮ್ಮದು ಸಣ್ಣ ಲೈಬ್ರರಿ. ಎಲ್ಲಿಂದ ಶುರು ಮಾಡಬೇಕು?

ಕ್ಯಾಟಲಾಗ್‌ನಿಂದ. ಯಂತ್ರದಿಂದ ಬೇಡ. ಕಪಾಟಿನಲ್ಲಿರುವ ಪುಸ್ತಕ ಕಂಪ್ಯೂಟರ್‌ನಲ್ಲಿ ಇಲ್ಲ, ಕಂಪ್ಯೂಟರ್‌ನಲ್ಲಿರುವುದು ಕಪಾಟಿನಲ್ಲಿ ಇಲ್ಲ, ಒಂದೇ ನಂಬರ್ ಎರಡು ಪುಸ್ತಕಕ್ಕೆ, ಇಂಥ ಗಲೀಜು ಎಲ್ಲ ಕಡೆ ಇರುತ್ತದೆ. ಕೌಂಟರಿನಲ್ಲಿ ಮನುಷ್ಯರು ಅದನ್ನು ಹೇಗೋ ಸಂಭಾಳಿಸುತ್ತಾರೆ. ಕಿಯಾಸ್ಕ್‌ಗೆ ಅದು ಬರುವುದಿಲ್ಲ, ‘ಸಿಬ್ಬಂದಿಯನ್ನು ಸಂಪರ್ಕಿಸಿ’ ಅಂತ ನಿಂತುಬಿಡುತ್ತದೆ.

ಆಮೇಲೆ ದುಬಾರಿ ಯಂತ್ರ ಕೊಳ್ಳುವ ಮೊದಲು ಇರುವುದರಲ್ಲೇ ಮಾಡಿ ನೋಡಿ. ಕೊಹಾ ಅನ್ನುವುದು ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿಗಳಲ್ಲಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಅಂತ ಅರ್ಥ. ಅದರಲ್ಲಿ ಸ್ವಯಂ ಇಶ್ಯೂ ಮಾಡುವ ಪುಟ ಒಳಗೇ ಇದೆ. ಹಳೆಯ ಕಂಪ್ಯೂಟರ್, ಒಂದು ಬ್ರೌಸರ್, ಒಂದು ಬಾರ್‌ಕೋಡ್ ಸ್ಕ್ಯಾನರ್ ಸಾಕು. ಮೂರು ತಿಂಗಳು ಹೀಗೆ ನಡೆಸಿದರೆ ನಿಮ್ಮ ಓದುಗರು ಎಲ್ಲಿ ತಡವರಿಸುತ್ತಾರೆ ಅಂತ ತಿಳಿಯುತ್ತದೆ.

ಆರ್‌ಎಫ್‌ಐಡಿಗೆ ಹೋಗುವುದಾದರೆ ಮಾರುವವರನ್ನು ಇಷ್ಟು ಕೇಳಿ. ಟ್ಯಾಗ್‌ನಲ್ಲಿ ಬರೆಯುವ ಮಾಹಿತಿ ಐಎಸ್‌ಒ 28560 ಪ್ರಕಾರ ಇರುತ್ತದಾ? ಇಲ್ಲದಿದ್ದರೆ ನಾಳೆ ಬೇರೆ ಕಂಪನಿಯ ಯಂತ್ರ ತಂದಾಗ ಎಲ್ಲ ಟ್ಯಾಗನ್ನೂ ಮತ್ತೆ ಬರೆಯಬೇಕಾದೀತು. ಟ್ಯಾಗನ್ನು ಬೇರೆಯವರು ಬದಲಿಸದ ಹಾಗೆ ಲಾಕ್ ಮಾಡುತ್ತೀರಾ? ಮಾಡದಿದ್ದರೆ ಎನ್‌ಎಫ್‌ಸಿ ಫೋನ್ ಇರುವ ಯಾರು ಬೇಕಾದರೂ ಅದರ ಮೇಲೆ ಬರೆಯಬಹುದು. ಸಿಪ್2 ಸಂಪರ್ಕಕ್ಕೆ ಎನ್‌ಕ್ರಿಪ್ಶನ್ (ಬೇರೆಯವರು ಓದಲಾಗದಂಥ ಗುಪ್ತ ಲಿಪಿ) ಇದೆಯಾ? ಆ ಪ್ರೋಟೋಕಾಲ್ ತಾನಾಗಿ ಎಲ್ಲವನ್ನೂ ತೆರೆದ ಅಕ್ಷರಗಳಲ್ಲೇ ಕಳಿಸುತ್ತದೆ, ಕಾರ್ಡ್ ನಂಬರ್ ಮತ್ತು ಪಿನ್ ಸಮೇತ. ಅದನ್ನು ಎನ್‌ಕ್ರಿಪ್ಟ್ ಆದ ಸುರಂಗದೊಳಗೆ ಕಳಿಸಬೇಕು.

ಟ್ಯಾಗ್ ಅಂಟಿಸುವ ಕೆಲಸಕ್ಕೆ ನಿಮ್ಮ ಅಂದಾಜಿಗಿಂತ ಜಾಸ್ತಿ ಸಮಯ ಇಟ್ಟುಕೊಳ್ಳಿ. ಜಾಸ್ತಿ ಓಡಾಡುವ ಪುಸ್ತಕ ಮೊದಲು, ಉಳಿದದ್ದು ನಿಧಾನಕ್ಕೆ.

ಯಂತ್ರವನ್ನು ಎಲ್ಲಿ ಇಡಬೇಕು?

ಹೊರಹೋಗುವ ದಾರಿಯಲ್ಲಿ, ಆದರೆ ಗೇಟ್‌ನಿಂದ ಸ್ವಲ್ಪ ದೂರ. ಹತ್ತಿರ ಇಟ್ಟರೆ ಎರಡರ ಅಲೆಗಳೂ ಕಿತ್ತಾಡುತ್ತವೆ. ಕೆಳಗೆ ಕಬ್ಬಿಣದ ಮೇಜು ಬೇಡ, ಲೋಹ ಅಲೆಯನ್ನು ನುಂಗುತ್ತದೆ, ಮರದ್ದು ಇರಲಿ. ಪಕ್ಕದಲ್ಲಿ ಬ್ಯಾಗ್ ಇಡಲು ಜಾಗ ಬೇಕೇ ಬೇಕು. ಮಗುವನ್ನು ಎತ್ತಿಕೊಂಡು ಬಂದವರು ಬ್ಯಾಗನ್ನು ನೆಲಕ್ಕಿಟ್ಟು, ಬಗ್ಗಿ ಪುಸ್ತಕ ತೆಗೆಯುವುದನ್ನು ಒಮ್ಮೆ ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಮೊದಲ ಒಂದು ತಿಂಗಳು ಒಬ್ಬರು ಪಕ್ಕದಲ್ಲೇ ನಿಂತಿರಲಿ. ಓದುಗರ ಕೈಯಿಂದ ಪುಸ್ತಕ ಕಿತ್ತುಕೊಂಡು ತಾವೇ ಮಾಡಿಕೊಡುವುದು ಬೇಡ. ಬೆರಳು ತೋರಿಸಿ ಹೇಳಿದರೆ ಸಾಕು. ಆ ಅಜ್ಜಿ ಮೂರನೇ ಸಲ ಬಂದಾಗ ನನ್ನ ಕಡೆ ನೋಡಲೇ ಇಲ್ಲ. ಪುಸ್ತಕಗಳನ್ನು ತಾವೇ ಹರಡಿಟ್ಟು, ಎಣಿಸಿ, ರಸೀದಿಯನ್ನು ಮೊಮ್ಮಗಳ ಕೈಗೆ ಕೊಟ್ಟು ಹೊರಟರು.